ಹಣ್ಣಿಲ್ಲದ ಬೇಸಿಗೆಯಲ್ಲಿ ದ್ರಾಕ್ಷಿ ಬಳ್ಳಿ ಏನು ಮಾಡ್ತಿರುತ್ತೆ?

ಅಹಮದಾಬಾದಿನ ನವರಂಗಪುರದಿಂದ ಮಾತಾಡ್ತಿದ್ದೀನಿ. ಹೊರಗೆ ಬಿಸಿಲು ಹೇಗಿದೆ ಅಂತ ಗುಜರಾತಿನಲ್ಲಿ ಇರೋವ್ರಿಗೆ ನಾನು ಹೇಳಬೇಕಾಗಿಲ್ಲ. ಮೊನ್ನೆ ಸ್ಟೇಡಿಯಂ ಸರ್ಕಲ್ ಹತ್ತಿರ ಲಾರಿಯವನ ಬಳಿ ದ್ರಾಕ್ಷಿ ಕೇಳಿದೆ. "ಸೀಸನ್ ಮುಗೀತು, ಇನ್ನು ಕೇಸರ್ ಮಾವು ಬರುತ್ತೆ" ಅಂದ. ತಿನ್ನೋವ್ರಿಗೆ ದ್ರಾಕ್ಷಿ ಮುಗಿಯೋ ತಿಂಗಳಲ್ಲೇ ಬೆಳೆಯೋವ್ರಿಗೆ ಅದು ಶುರುವಾಗುತ್ತೆ. ಇವತ್ತಿನ ಮಾತು ಅದರ ಬಗ್ಗೆ.

ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿದೆ. ಅಣ್ಣ ಎರಡು ಎಕರೆ ಥಾಮ್ಸನ್ ಸೀಡ್‌ಲೆಸ್ ನೋಡ್ಕೊಳ್ತಾನೆ. 2019ರ ಏಪ್ರಿಲ್‌ನಲ್ಲಿ ಅವನ ಫೋನ್ ಬಂತು. "ತಮ್ಮಾ, ಬೋರ್ ಬತ್ತೇತಿ. ಟ್ಯಾಂಕರ್ ನೀರ ಹಾಕಿಸಬೇಕು, ರೊಕ್ಕ ಕಳಸ್ತಿಯೇನು?"

ನಾನು ಎಂಟೆಕ್ ಮಾಡಿದವನು, ಲೆಕ್ಕ ಹಾಕಿದೆ. "ಅಣ್ಣಾ, ಹಣ್ಣ ಮಾರಿ ಆತಲ್ಲ. ಗಿಡದಾಗ ಒಂದ ಎಲಿ ಇಲ್ಲ. ಈಗ್ಯಾಕ ನೀರು? ಮಳಿ ಬರಲಿ, ನೋಡೂಣು." ಅವನು ವಾದ ಮಾಡಲಿಲ್ಲ. ದುಡ್ಡು ನನ್ನದು ತಾನೇ.

ಬಳ್ಳಿ ಸಾಯಲಿಲ್ಲ. ಮಳೆ ಬಂದಾಗ ಹಸಿರಾಯ್ತು, ಅಕ್ಟೋಬರಿನಲ್ಲಿ ಚೆನ್ನಾಗೇ ಚಿಗುರಿತು. ಆಮೇಲೆ ಅಣ್ಣ ಒಂದು ಫೋಟೊ ಕಳಿಸಿದ, ಜೊತೆಗೆ ಒಂದು ಮಾತೂ ಬರೆದಿರಲಿಲ್ಲ. ಗೊನೆ ಇರಬೇಕಾದ ಜಾಗದಲ್ಲಿ ತಂತಿಗೆ ಸುತ್ತಿಕೊಳ್ಳೋ ಸುರುಳಿ ಕುಡಿಗಳು ಬಂದಿದ್ದವು. ಆ ವರ್ಷದ ಫಸಲು ನನ್ನ ಲೆಕ್ಕದಲ್ಲೇ ಹೋಯ್ತು. ಯಾಕೆ ಹೀಗಾಯ್ತು ಅಂತ ಅರ್ಥ ಮಾಡ್ಕೊಳ್ಳೋಕೆ ಆಮೇಲೆ ಓದಿದೆ. ಅದನ್ನೇ ಈಗ ಹೇಳ್ತೀನಿ.

ಮೊದಲು ತಂಪು ದೇಶದ ಬಳ್ಳಿ ನೋಡೋಣ. ನಿಮ್ಮಲ್ಲಿ ಜರ್ಮನಿಗೆ ಹೋಗಿರೋವ್ರು ಮೊಸೆಲ್ ನದಿಯ ಇಳಿಜಾರಿನಲ್ಲೋ ಸ್ಟಟ್‌ಗಾರ್ಟ್ ನಗರದ ಒಳಗೋ ದ್ರಾಕ್ಷಿ ತೋಟ ನೋಡಿರ್ತೀರಿ. ಅಲ್ಲಿ ಬಳ್ಳಿ ಚಳಿಗಾಲ ಪೂರ್ತಿ ಎಲೆ ಉದುರಿಸಿ ಮಲಗಿರುತ್ತೆ. ದಿನದ ಸರಾಸರಿ ಉಷ್ಣತೆ ಸುಮಾರು 10 ಡಿಗ್ರಿ ದಾಟಿದ ಮೇಲೆ, ಅಂದರೆ ಏಪ್ರಿಲ್ ಕೊನೆ ಹೊತ್ತಿಗೆ, ಕಣ್ಣು ಒಡೆಯುತ್ತೆ. ಜೂನ್‌ನಲ್ಲಿ ಹೂ. ಆಗಸ್ಟ್‌ನಲ್ಲಿ ಕಾಯಿ ಮೆತ್ತಗಾಗಿ ಬಣ್ಣ ತಿರುಗುತ್ತೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲು. ಆಮೇಲೆ ಮತ್ತೆ ನಿದ್ದೆ.

ಈ ಬೆಳವಣಿಗೆ ಅಳೆಯೋಕೆ ಒಂದು ಸರಳ ಲೆಕ್ಕ ಇದೆ. ದಿನದ ಸರಾಸರಿ ಉಷ್ಣತೆಯಿಂದ 10 ಕಳೆಯೋದು, ಉಳಿದದ್ದನ್ನ ದಿನದಿನಕ್ಕೆ ಕೂಡಿಸ್ತಾ ಹೋಗೋದು. 1944ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಮೆರಿನ್ ಮತ್ತು ವಿಂಕ್ಲರ್ ಈ ಲೆಕ್ಕದಿಂದ ದ್ರಾಕ್ಷಿ ಪ್ರದೇಶಗಳನ್ನ ಐದು ಭಾಗ ಮಾಡಿದ್ರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳ ಮೊತ್ತ ಸುಮಾರು 1390ರ ಒಳಗಿದ್ದರೆ ಅದು ಅತಿ ತಂಪು ಪ್ರದೇಶ.

ಈಗ ನಮ್ಮ ಕಡೆ ಬನ್ನಿ. ಬೇಸಿಗೆಯ ಒಂದು ದಿನ ಗರಿಷ್ಠ 39, ಕನಿಷ್ಠ 24 ಅಂತ ಇಟ್ಕೊಳ್ಳಿ. ಸರಾಸರಿ 31.5. ಹತ್ತು ಕಳೆದರೆ 21.5. ಅವರ ಏಳು ತಿಂಗಳ ಕೋಟಾ ನಮ್ಮಲ್ಲಿ 65 ದಿನದಲ್ಲಿ ಮುಗಿಯುತ್ತೆ! ಆದರೆ ಬಿಸಿಲು ಜಾಸ್ತಿ ಆದಷ್ಟೂ ಲಾಭ ಅಂತಲ್ಲ. ಸುಮಾರು 35 ಡಿಗ್ರಿ ಮೀರಿದರೆ ಎಲೆ ಆಹಾರ ತಯಾರಿಸೋದು ಕಡಿಮೆಯಾಗ್ತಾ ಹೋಗುತ್ತೆ. ಇನ್ನೊಂದು ವಿಷಯ, ನಮ್ಮಲ್ಲಿ ಬಳ್ಳಿಯನ್ನ ಮಲಗಿಸೋವಷ್ಟು ಚಳಿ ಇಲ್ಲ. ಅದು ಸುಮ್ನೆ ಬೆಳೀತಾನೇ ಇರುತ್ತೆ. ಹಾಗಾಗಿ ಚಳಿಗಾಲ ಮಾಡೋ ಕೆಲಸವನ್ನ ನಮ್ಮಲ್ಲಿ ಕತ್ತರಿ ಮಾಡಬೇಕು. ನಮ್ಮ ಕಡೆ ಅದಕ್ಕೆ ಚಾಟ್ನಿ ಅಂತಾರೆ.

ವರ್ಷಕ್ಕೆ ಎರಡು ಚಾಟ್ನಿ, ಒಂದೇ ಫಸಲು. ಏಪ್ರಿಲ್ ಚಾಟ್ನಿಯಲ್ಲಿ ಹಣ್ಣು ಕೊಟ್ಟ ಕಡ್ಡಿಗಳನ್ನ ಬುಡದ ಒಂದು ಕಣ್ಣು ಉಳಿಸಿ ಕತ್ತರಿಸ್ತಾರೆ. ಅಲ್ಲಿಂದ ಬರೋ ಹೊಸ ಕಡ್ಡಿ ಬೇಸಿಗೆ, ಮಳೆಗಾಲ ಎರಡನ್ನೂ ಕಳೆದು ಬಲಿಯುತ್ತೆ. ಅಕ್ಟೋಬರ್ ಚಾಟ್ನಿಯಲ್ಲಿ ಆ ಕಡ್ಡಿಯನ್ನ ಗೊನೆ ಇರೋ ಕಣ್ಣಿನ ತನಕ ಕತ್ತರಿಸ್ತಾರೆ. ಚಳಿಯ ಬದಲು ಹೈಡ್ರೋಜನ್ ಸಯನಮೈಡ್ ಹಚ್ಚಿ ಕಣ್ಣುಗಳನ್ನ ಒಟ್ಟಿಗೇ ಎಬ್ಬಿಸ್ತಾರೆ. ಹಣ್ಣು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಮಳೆಗಾಲದಲ್ಲಿ ಹಣ್ಣು ಬಿಡಿಸಿದ್ರೆ ರೋಗ, ಕೊಳೆ. ಅದಕ್ಕೇ ಈ ಏರ್ಪಾಡು. ಬೆಂಗಳೂರು ಸುತ್ತಮುತ್ತ ಹವೆ ಹದವಾಗಿದೆ, ಅಲ್ಲಿನ ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲೂ ಕೊಡುತ್ತೆ. ಅದು ಬೇರೆ ಕಥೆ.

ಇಲ್ಲೊಂದು ಪ್ರಶ್ನೆ. ಅಕ್ಟೋಬರ್‌ನಲ್ಲಿ ಚಿಗುರಿನ ಜೊತೆ ಬರೋ ಗೊನೆ ತಯಾರಾಗೋದು ಯಾವಾಗ? ಅಕ್ಟೋಬರ್‌ನಲ್ಲಿ ಅಲ್ಲ. ಏಪ್ರಿಲ್ ಚಾಟ್ನಿ ಆದ ಮೇಲೆ ಸುಮಾರು 40ರಿಂದ 60ನೇ ದಿನದ ಒಳಗೆ.

ಹೊಸ ಕಡ್ಡಿಯ ಪ್ರತಿ ಎಲೆಯ ಬುಡದಲ್ಲಿ ಒಂದು ಕಣ್ಣು ಇರುತ್ತೆ. ಅದರೊಳಗೆ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣೋ ಒಂದು ಮೊಳಕೆ. ಅದು ಗೊನೆಯೂ ಆಗಬಹುದು, ಸುರುಳಿ ಕುಡಿಯೂ ಆಗಬಹುದು. ಎರಡಕ್ಕೂ ಮೂಲ ಒಂದೇ. ಸೈಟೊಕೈನಿನ್ ಅನ್ನೋ ಹಾರ್ಮೋನ್ ಮೇಲುಗೈ ಆದರೆ ಗೊನೆ, ಜಿಬ್ಬರೆಲಿನ್ ಮೇಲುಗೈ ಆದರೆ ಕುಡಿ. ಸೈಟೊಕೈನಿನ್ ಮುಖ್ಯವಾಗಿ ಬೇರಿನಲ್ಲಿ ತಯಾರಾಗಿ ಮೇಲಕ್ಕೆ ಬರುತ್ತೆ. ಬೇರು ಒಣಗಿದ್ದರೆ ಅದೂ ಕಡಿಮೆ. ಕಣ್ಣಿನ ಮೇಲೆ ಬಿಸಿಲು ಬೀಳಬೇಕು, ಎಲೆ ಆಹಾರ ಕೂಡಿಡಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಬಿಲ್ಡ್ ಆಗೋದು ಮೇ-ಜೂನ್‌ನಲ್ಲಿ, ರಿಲೀಸ್ ಅಕ್ಟೋಬರ್‌ನಲ್ಲಿ. ನಾನು ಬಿಲ್ಡ್ ಸರ್ವರ್‌ನ ಕರೆಂಟ್ ತೆಗೆದು ಉಳಿತಾಯ ಮಾಡಿದೆ ಅಂದ್ಕೊಂಡಿದ್ದೆ.

ಹಾಗಂತ ನೀರು ಸುರಿದರೂ ಆಗಲ್ಲ. ಮೊದಲ ತಿಂಗಳು ಕಡ್ಡಿ ಬೆಳೆಯೋಕೆ ನೀರು ಬೇಕು. ಆಮೇಲೆ ನೀರು, ಸಾರಜನಕ ಎರಡನ್ನೂ ಸ್ವಲ್ಪ ಹಿಡೀತಾರೆ, ಇಲ್ಲದಿದ್ರೆ ಬಳ್ಳಿ ಸೊಕ್ಕಿ ಬರೀ ಎಲೆ ಬಿಡುತ್ತೆ, ಆ ನೆರಳಿಗೆ ಕಣ್ಣು ಬರಡಾಗುತ್ತೆ. ಏಳು ಎಲೆ ಇಟ್ಟು ತುದಿ ಚಿವುಟಿ, ಅಲ್ಲಿಂದ ಬರೋ ಸಬ್‌ಕೇನ್‌ನಲ್ಲಿ ಮತ್ತೆ ಐದು ಎಲೆ ಇಟ್ಟು ಚಿವುಟೋದೂ ಇದಕ್ಕೇ. ಅಣ್ಣ ಕೇಳಿದ್ದು ಈ ಹದ ಕಾಯೋವಷ್ಟು ನೀರು.

ತಂಪು ದೇಶದ ಬಳ್ಳಿಗೂ ಇದೇ ನಿಯಮ. ಒಂದೇ ಒಂದು ವ್ಯತ್ಯಾಸ. ಅಲ್ಲಿ ಹೂ ಬಿಡೋ ಹೊತ್ತಿಗೇ ಪಕ್ಕದ ಕಣ್ಣುಗಳಲ್ಲಿ ಮುಂದಿನ ವರ್ಷದ ಗೊನೆ ಕಟ್ಟೋಕೆ ಶುರುವಾಗುತ್ತೆ. ಒಂದು ಬೇಸಿಗೆ, ಎರಡು ಕೆಲಸ. ಹಾಗಾಗಿ ಈ ಸಲದ ಬೇಸಿಗೆ ತೀರಾ ತಂಪಾದರೆ, ಮೋಡ ಕವಿದರೆ, ಪೆಟ್ಟು ಮುಂದಿನ ವರ್ಷದ ಗೊನೆಗೂ ಬೀಳುತ್ತೆ. ನಮ್ಮಲ್ಲಿ ಆ ಎರಡೂ ಕೆಲಸ ಬೇರೆ ಬೇರೆ ಕಾಲದಲ್ಲಿ ನಡೆಯುತ್ತೆ. ಅದಕ್ಕೇ ಮೇ ತಿಂಗಳ ತೋಟ ದೂರದಿಂದ ನೋಡೋವ್ರಿಗೆ ಖರ್ಚು ಮಾತ್ರ ಇರೋ ತೋಟದ ಥರ ಕಾಣುತ್ತೆ.

ಆಮೇಲೆ ನಾವು ಒಂದು ಕೃಷಿ ಹೊಂಡ ತೋಡಿಸಿದ್ವಿ. ಬುಡಕ್ಕೆ ಕಬ್ಬಿನ ರವದಿ ಹಾಸಿ ಡ್ರಿಪ್ ನೀರು ಆವಿಯಾಗದಂತೆ ನೋಡ್ಕೊಳ್ತೀವಿ. ಟ್ಯಾಂಕರ್ ಖರ್ಚು ಪೂರ್ತಿ ನಿಂತಿಲ್ಲ, ಇಳಿದಿದೆ.

ಊರಲ್ಲಿ ತೋಟ ಇದ್ದು ಹೊರಗೆ ದುಡೀತಿರೋ ನಮ್ಮಂಥವ್ರಿಗೆ ಒಂದು ಮಾತು. ಬೇಸಿಗೆಯಲ್ಲಿ ಮನೆಯಿಂದ ಫೋನ್ ಬಂದರೆ "ಹಣ್ಣೆಲ್ಲಿದೆ?" ಅಂತ ಕೇಳಬೇಡಿ. "ಚಾಟ್ನಿ ಆಗಿ ಎಷ್ಟು ದಿನ ಆಯ್ತು? ಎಷ್ಟು ಎಲೆ ಬಂದಿದೆ? ಕಣ್ಣಿಗೆ ಬಿಸಿಲು ಬೀಳ್ತಿದೆಯಾ?" ಅಂತ ಕೇಳಿ. ಹೋದ ವರ್ಷ ನಾನು ಹೀಗೆ ಕೇಳಿದಾಗ ಅಣ್ಣ ನಕ್ಕ. "ಈಗ ತಿಳೀತ ನೋಡು ನಿನಗ" ಅಂದ. 2019ರ ಬಗ್ಗೆ ಅವನು ಇವತ್ತಿಗೂ ಒಂದು ಮಾತು ಆಡಿಲ್ಲ.

ಮುಂದಿನ ವಿಡಿಯೊದಲ್ಲಿ ಒಣದ್ರಾಕ್ಷಿ ಬಗ್ಗೆ ಹೇಳ್ತೀನಿ. ನಾಲ್ಕು ಕೆ.ಜಿ. ಹಣ್ಣು ನೆರಳಲ್ಲಿ ಒಣಗಿ ಒಂದು ಕೆ.ಜಿ. ಆಗೋದು ಹೇಗೆ ಅಂತ. ಅಲ್ಲೀತನಕ ನೀವೂ ನೀರು ಕುಡೀತಾ ಇರಿ.