ಮಾತು ತಡವಾದ ಮಗು ಮತ್ತು ಜಿಲ್ಲಾಸ್ಪತ್ರೆಯ ಆ ಕೊಠಡಿ

ಎರಡು ವರ್ಷ ತುಂಬಿದರೂ ಮಗು ಮಾತನಾಡುತ್ತಿಲ್ಲ ಎಂದರೆ ಮನೆಯ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು.’ ನಾಲಿಗೆಗೆ ಬಜೆ ತೇಯ್ದು ತಿಕ್ಕುವುದು, ದೇವರಿಗೆ ಹರಕೆ ಹೊರುವುದು, ಇನ್ನೊಂದು ವರ್ಷ ನೋಡೋಣವೆಂದು ಸುಮ್ಮನಾಗುವುದು ಆಮೇಲಿನ ಹಂತಗಳು. ಕೆಲವು ಮಕ್ಕಳು ನಿಜಕ್ಕೂ ತಡವಾಗಿ ಮಾತನಾಡುತ್ತಾರೆ. ಆದರೆ ಯಾವ ಮಗು ಹಾಗೆ, ಯಾವ ಮಗು ಹಾಗಲ್ಲ ಎಂಬುದನ್ನು ಕಾದು ನೋಡಿ ತಿಳಿಯುವುದು ದುಬಾರಿ. ಮೆದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳೇ ಆ ಕಾಯುವಿಕೆಯಲ್ಲಿ ಕಳೆದುಹೋಗುತ್ತವೆ.

ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಒಂದು ಕೇಂದ್ರದ ವ್ಯವಸ್ಥೆಯಿದೆ ಎಂಬುದು ಅನೇಕ ಪೋಷಕರಿಗೆ ತಿಳಿದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ರೂಪುಗೊಂಡ ಇದನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಎನ್ನುತ್ತಾರೆ. ಆಸ್ಪತ್ರೆಯ ಸಿಬ್ಬಂದಿಯ ಬಾಯಲ್ಲಿ ಅದು ‘ಡಿಇಐಸಿ’. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಮೊದಲ ತಪಾಸಣೆ. ಆರು ವಾರಗಳವರೆಗೆ ಆಶಾ ಕಾರ್ಯಕರ್ತೆಯ ಮನೆಭೇಟಿ. ಬಳಿಕ ಸಂಚಾರಿ ವೈದ್ಯ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲಾ ಮಕ್ಕಳನ್ನು ಒಂದು ಬಾರಿ ನೋಡಬೇಕೆಂಬುದು ನಿಯಮ. ಸಂಶಯ ಬಂದ ಮಗುವನ್ನು ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ತಂಡ ಬಂದ ದಿನ ಮಗು ಅಂಗನವಾಡಿಗೆ ಹೋಗಿರಬೇಕಷ್ಟೆ. ನಡೆಯಲಾರದ, ಮಾತನಾಡದ ಮಗುವನ್ನು ಮನೆಯವರು ಅಂಗನವಾಡಿಗೆ ಕಳುಹಿಸುವುದೇ ಕಡಿಮೆ ಎಂಬುದು ಈ ವ್ಯವಸ್ಥೆಯ ದೊಡ್ಡ ತೂತು. ಆದ್ದರಿಂದ ಯಾರ ಚೀಟಿಗೂ ಕಾಯದೆ ಪೋಷಕರೇ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ ವಿಚಾರಿಸುವುದು ಒಳಿತು.

ಕತ್ತು ನಿಲ್ಲದ ಐದು ತಿಂಗಳ ಕೂಸು, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ ಮಗು, ಒಂದೂವರೆ ವರ್ಷಕ್ಕೂ ನಡೆಯದ ಮಗು, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದಗಳನ್ನು ಜೋಡಿಸಲಾರದ ಮಗು ತಪಾಸಣೆಗೆ ಹೋಗಲೇಬೇಕು. ಇವೆಲ್ಲಕ್ಕಿಂತ ಗಂಭೀರವಾದ ಸೂಚನೆ ಮತ್ತೊಂದಿದೆ: ಬಂದಿದ್ದ ಮಾತು ನಿಂತುಹೋಗುವುದು. ಅದು ಯಾವ ವಯಸ್ಸಿನಲ್ಲಾದರೂ ಒಂದು ದಿನವೂ ತಡಮಾಡುವಂತಿಲ್ಲ.

ಮೊದಲು ಕಿವಿ

ಮಾತು ಬಾರದ ಮಗುವಿಗೆ ಮೊದಲು ಆಗಬೇಕಾದ ಪರೀಕ್ಷೆ ಬುದ್ಧಿಯದಲ್ಲ, ಕಿವಿಯದು. ಬಾಗಿಲು ಬಡಿದ ಸದ್ದಿಗೆ ಬೆಚ್ಚುತ್ತದೆ, ಆದ್ದರಿಂದ ಕಿವಿ ಕೇಳುತ್ತದೆ ಎಂಬ ಮನೆಯವರ ತೀರ್ಮಾನ ಎಷ್ಟೋ ಬಾರಿ ತಪ್ಪಾಗಿರುತ್ತದೆ. ದೊಡ್ಡ ಸದ್ದು ಕೇಳಿಸಿ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರುವ ಮಕ್ಕಳಿದ್ದಾರೆ. ನಿದ್ರಿಸುವ ಮಗುವಿನ ಕಿವಿಗೆ ಪುಟ್ಟ ಸಾಧನವಿಟ್ಟು ಮಾಡುವ ಓಎಇ, ಶ್ರವಣ ನರದ ಪ್ರತಿಕ್ರಿಯೆಯನ್ನು ಅಳೆಯುವ ಬೇರಾ ಪರೀಕ್ಷೆಗಳಲ್ಲಿ ಸೂಜಿಯೂ ಇಲ್ಲ, ನೋವೂ ಇಲ್ಲ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಹಾಗೂ ತರಬೇತಿ ಎಂಬುದು ವಿಶ್ವದೆಲ್ಲೆಡೆ ಒಪ್ಪಿರುವ ಕ್ರಮ. ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ: ವಾಕ್ ಮತ್ತು ಶ್ರವಣಕ್ಕೆಂದೇ 1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ.

ಕಿವಿಯ ನಂತರ ರಕ್ತ. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ಶಿಶುವಿಗೆ ಮೊದಲ ಕೆಲವು ವಾರಗಳಲ್ಲಿಯೇ ದಿನಕ್ಕೊಂದು ಅಗ್ಗದ ಮಾತ್ರೆ ಆರಂಭಿಸಿದರೆ ಬುದ್ಧಿಯ ಬೆಳವಣಿಗೆ ಬಹುಪಾಲು ಸಹಜವಾಗಿಯೇ ಸಾಗುತ್ತದೆ. ಎರಡು ವರ್ಷ ತಡವಾದರೆ ಕಳೆದದ್ದು ಮರಳುವುದಿಲ್ಲ. ಬೆಳವಣಿಗೆಯ ಎಲ್ಲ ಕುಂಠಿತಗಳೂ ವಿಧಿಲಿಖಿತವಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ. ಹೆರಿಗೆಯಾದ ಕೂಡಲೇ ಮಗು ಅತ್ತಿತೇ, ಕಾಮಾಲೆ ಏರಿತ್ತೇ, ಫಿಟ್ಸ್ ಬಂದಿತ್ತೇ, ತಂದೆ ತಾಯಿ ಸೋದರ ಸಂಬಂಧದವರೇ ಎಂದು ವೈದ್ಯರು ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ಸೊಸೆಯತ್ತ ನೋಡಿ ಸಿಡುಕುವ ಅತ್ತೆಯಂದಿರುಂಟು. ವೈದ್ಯರು ಕೇಳುವುದು ತಪ್ಪು ಹೊರಿಸಲಿಕ್ಕಲ್ಲ, ಮುಂದಿನ ಪರೀಕ್ಷೆ ಯಾವುದೆಂದು ನಿರ್ಧರಿಸಲಿಕ್ಕೆ.

ಅಂಕಿಯ ಮಿತಿ

ಮನಶ್ಶಾಸ್ತ್ರಜ್ಞರ ಸರದಿ ಆಮೇಲಿನದು. ಬ್ಲಾಕುಗಳನ್ನು ಜೋಡಿಸುವುದು, ಚಿತ್ರ ಗುರುತಿಸುವುದು ಮಗುವಿನ ಪಾಲು. ತಾನೇ ಉಣ್ಣುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ಅಪಾಯ ಅರಿಯುತ್ತದೆಯೇ ಎಂಬ ಪ್ರಶ್ನೆಗಳು ತಾಯಿಗೆ. ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದ್ದು ಧಾರವಾಡದಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಸ್ವಲೀನತೆ, ಅಂದರೆ ಆಟಿಸಂ ಗುರುತಿಸಲು 40 ಅಂಶಗಳ ಭಾರತೀಯ ಮಾಪಕವೇ ಇದೆ. 70 ಹಾಗೂ ಅದಕ್ಕಿಂತ ಹೆಚ್ಚು ಅಂಕ ಬಂದರೆ ಸ್ವಲೀನತೆ ಎಂದು ಪರಿಗಣಿಸುತ್ತಾರೆ.

ಈ ಅಂಕಿಗಳನ್ನು ಓದುವಲ್ಲಿ ಎಚ್ಚರ ಬೇಕು. ಬೆಳಗಿನ ಜಾವದ ಬಸ್ಸು ಹಿಡಿದು, ಸಾಲಿನಲ್ಲಿ ಕಾದು, ಹಸಿದು ಬಂದ ಮಗು ಅಪರಿಚಿತರ ಎದುರು ತನಗೆ ಗೊತ್ತಿರುವುದನ್ನೂ ಮಾಡಿ ತೋರಿಸುವುದಿಲ್ಲ. ಮನೆಯಲ್ಲಿ ತುಳು, ಉರ್ದು ಅಥವಾ ಲಂಬಾಣಿ ಮಾತನಾಡುವ ಮಗುವನ್ನು ಕನ್ನಡದಲ್ಲಿ ಪರೀಕ್ಷಿಸಿದರೆ ಫಲಿತಾಂಶ ಮಗುವಿನದಲ್ಲ, ಭಾಷೆಯದು. ಮನೆಮಾತು ಯಾವುದೆಂದು ಪೋಷಕರು ಮೊದಲೇ ಹೇಳಬೇಕು. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಪತ್ರಗಳ ಜೊತೆಗೆ ಮಗು ಮನೆಯಲ್ಲಿ ಆಡುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಒಯ್ದರೆ ವೈದ್ಯರಿಗೆ ಅದು ಬಹಳ ನೆರವಾಗುತ್ತದೆ.

ಚಿಕಿತ್ಸೆ ಎಂದರೆ ಮಾತ್ರೆಯಲ್ಲ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಫಿಸಿಯೋಥೆರಪಿ, ಮಾತು ತಡವಾದವರಿಗೆ ವಾಕ್ ತರಬೇತಿ, ಕೆಲವರಿಗೆ ವಿಶೇಷ ಶಿಕ್ಷಣ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ನಡೆಯುವ ತರಬೇತಿಯಿಂದಲೇ ಮಗು ಬದಲಾಗದು. ಉಣಿಸುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ಮಡಚುವಾಗ ಮಾಡಬೇಕಾದುದನ್ನು ತಾಯಿಗೆ ಕಲಿಸಿಕೊಡುವುದೇ ಒಳ್ಳೆಯ ಕೇಂದ್ರದ ಗುರುತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ತಾಯಿಯ ಬಸ್ ಟಿಕೆಟಿನ ಖರ್ಚು ಉಳಿದಿದೆ. ಆದರೆ ಅವಳ ಒಂದು ದಿನದ ಕೂಲಿ ಉಳಿಯುವುದಿಲ್ಲ. ಮೂರು ಬಾರಿ ಬಂದು ನಾಲ್ಕನೆಯ ಬಾರಿಗೆ ನಿಂತುಹೋಗುವ ಕುಟುಂಬಗಳನ್ನು ನಿರ್ಲಕ್ಷ್ಯದವರೆಂದು ಬಗೆಯುವ ಮುನ್ನ ಈ ಲೆಕ್ಕವನ್ನು ನೋಡಬೇಕು.

ಆ ಹತಾಶೆಯಲ್ಲಿಯೇ ಕೆಲವರು ಲಕ್ಷಗಟ್ಟಲೆ ಸುರಿದು ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತುಗಳ ಬೆನ್ನು ಹತ್ತುತ್ತಾರೆ. ಸ್ವಲೀನತೆಗೆ ಅದನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿಯೇ ತಿಳಿಸಿದೆ.

ಪ್ರಮಾಣಪತ್ರ ಮತ್ತೊಂದು ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದು, ಸ್ವಲೀನತೆ ಹಾಗೂ ಕಲಿಕಾ ನ್ಯೂನತೆ ಅದರಲ್ಲಿ ಸೇರಿವೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮಾಸಾಶನಕ್ಕೂ ಇತರ ಸೌಲಭ್ಯಗಳಿಗೂ ಕೇಳುವುದು ಯುಡಿಐಡಿ ಕಾರ್ಡನ್ನೇ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ₹1 ಲಕ್ಷದವರೆಗಿನ ರಕ್ಷಣೆಯಿದ್ದು, ತರಬೇತಿಯ ವೆಚ್ಚವೂ ಅದರಲ್ಲಿ ಸೇರುತ್ತದೆ. ‘ಮಗುವಿಗೆ ಹಣೆಪಟ್ಟಿ ಹಚ್ಚುವುದು ಬೇಡ’ ಎಂದು ಕಾರ್ಡು ಮಾಡಿಸದವರು ಈ ಎಲ್ಲದರಿಂದ ಹೊರಗುಳಿಯುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಕೊಡುವ ಪ್ರಮಾಣಪತ್ರ ತಾತ್ಕಾಲಿಕ. ಮಗು ಬೆಳೆದಂತೆ ಮರುಮೌಲ್ಯಮಾಪನವಿರುತ್ತದೆ.

18 ತುಂಬಿದ ದಿನ ಮಕ್ಕಳ ವಿಭಾಗದ ಬಾಗಿಲು ಮುಚ್ಚುತ್ತದೆ. ಬೌದ್ಧಿಕ ಅಸಾಮರ್ಥ್ಯವುಳ್ಳ ಮಗನ ಪರವಾಗಿ ತಂದೆ ತಾಯಿ ಅಲ್ಲಿಯವರೆಗೆ ಸಹಿ ಹಾಕುತ್ತಿದ್ದರು. ಕಾನೂನಿನ ಕಣ್ಣಿಗೆ ಅವನೀಗ ವಯಸ್ಕ. ಮುಂದೆ ಬ್ಯಾಂಕು, ಆಸ್ತಿ ವ್ಯವಹಾರಗಳಿಗೆ ಅವರು ಕಾನೂನುಬದ್ಧ ಪೋಷಕರಾಗಿ ನೇಮಕಗೊಳ್ಳಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು.