ನೌಕೆಯ ಉಪಕರಣಜಾಲಕ್ಕೆ ವಿದ್ಯುತ್ತನ್ನು ಎಲ್ಲಿ ಒದಗಿಸಬೇಕು?

ನೀರಿನ ಆಳ, ಗಾಳಿಯ ವೇಗ, ನೌಕೆಯ ಸ್ಥಾನ ಮೊದಲಾದವನ್ನು ತಿಳಿಸುವ ಉಪಕರಣಗಳನ್ನು ಒಂದೇ ಜಾಲಕ್ಕೆ ಸೇರಿಸಲು ಇಂದು ದೋಣಿಗಳಲ್ಲಿ ಎನ್.ಎಂ.ಇ.ಎ. 2000 ಎಂಬ ಕ್ರಮವು ಬಳಕೆಯಲ್ಲಿದೆ. ಇದನ್ನು ರೂಪಿಸಿದುದು ಅಮೆರಿಕದ ರಾಷ್ಟ್ರೀಯ ನೌಕಾ ಎಲೆಕ್ಟ್ರಾನಿಕ್ಸ್ ಸಂಘ. ನೌಕೆಯ ಉದ್ದಕ್ಕೂ ಒಂದು ಮುಖ್ಯ ಕೇಬಲ್ ಹಾಯುತ್ತದೆ. 6 ಮೀಟರಿಗೆ ಮೀರದ ಕವಲುಗಳ ಮೂಲಕ ಉಪಕರಣಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಕೇಬಲ್ಲಿನೊಳಗಿನ ಐದು ವಾಹಕಗಳಲ್ಲಿ ಎರಡು ಸಂಕೇತಗಳಿಗೆ, ಎರಡು ವಿದ್ಯುತ್ತಿಗೆ, ಒಂದು ರಕ್ಷಾಕವಚಕ್ಕೆ ಮೀಸಲು. ಎರಡು ತುದಿಗಳಲ್ಲಿಯೂ 120 ಓಮಿನ ರೋಧಕಗಳಿದ್ದು, ಸಂಕೇತಗಳು ಪ್ರತಿಫಲಿಸದಂತೆ ತಡೆಯುತ್ತವೆ.

ರೋಧಕಗಳಿಗೆ ತುದಿಯೇ ಸ್ಥಾನವೆಂಬುದು ನಿಜ. ಆದರೆ ವಿದ್ಯುತ್ತೂ ತುದಿಯಿಂದಲೇ ಬರಬೇಕೆಂದು ಭಾವಿಸಲು ಕಾರಣವಿಲ್ಲ. ಏಕೆಂಬುದನ್ನು ಓಮನ ನಿಯಮದಿಂದಲೇ ನೋಡೋಣ.

ಈ ಕ್ರಮದಲ್ಲಿ ಉಪಕರಣದ ಭಾರವನ್ನು ಒಂದು ಅಂಕದಿಂದ ಸೂಚಿಸುತ್ತಾರೆ. 1 ಎಂದರೆ 50 ಮಿಲಿಆಂಪಿಯರ್. ಒಟ್ಟು ಭಾರಾಂಕ 20 ಆದರೆ ಪ್ರವಾಹ 1 ಆಂಪಿಯರ್. ಕೇಬಲ್ಲಿನ ಉದ್ದ 30 ಮೀಟರ್, ಪ್ರತಿ ವಿದ್ಯುತ್ ತಂತಿಯ ರೋಧ ಮೀಟರಿಗೆ 0.06 ಓಮ್ ಎಂದಿಟ್ಟುಕೊಳ್ಳೋಣ. ಹೋಗುವ, ಮರಳುವ ತಂತಿಗಳೆರಡನ್ನೂ ಗಣಿಸಿದರೆ ಒಟ್ಟು ರೋಧ 3.6 ಓಮ್. ಭಾರವು ಉದ್ದಕ್ಕೂ ಸಮನಾಗಿ ಹರಡಿದ್ದರೆ ಪ್ರವಾಹವು ಕ್ರಮೇಣ ಕುಗ್ಗುತ್ತ ಸಾಗುವುದರಿಂದ, ವೋಲ್ಟೇಜಿನ ಇಳಿತವು ಗುಣಲಬ್ಧದ ಅರ್ಧ, ಅಂದರೆ 1.8 ವೋಲ್ಟ್.

ವಿದ್ಯುತ್ತನ್ನು ನಡುವೆ ಒದಗಿಸಿದರೆ ಪ್ರತಿ ಭಾಗದಲ್ಲಿ ಪ್ರವಾಹವೂ ಅರ್ಧ, ರೋಧವೂ ಅರ್ಧ. ಇಳಿತವು ನಾಲ್ಕನೆಯ ಒಂದು ಪಾಲಿಗೆ, 0.45 ವೋಲ್ಟಿಗೆ ಬರುತ್ತದೆ.

ಈ ವ್ಯತ್ಯಾಸವು ಕೇವಲ ಲೆಕ್ಕದ್ದಲ್ಲ. ಜಾಲದ ಉಪಕರಣಗಳು 9 ವೋಲ್ಟಿನವರೆಗೆ ಕೆಲಸ ಮಾಡಬೇಕೆಂಬುದು ನಿಯಮ. ಅದಕ್ಕಿಂತ ಕೆಳಗೆ ಭರವಸೆಯಿಲ್ಲ. ಎಂಜಿನನ್ನು ಚಾಲೂ ಮಾಡುವಾಗ 12 ವೋಲ್ಟಿನ ಬ್ಯಾಟರಿ ಕ್ಷಣಕಾಲ 10.5ಕ್ಕೆ ಕುಸಿಯಿತೆನ್ನೋಣ. ತುದಿಯಿಂದ ಒದಗಿಸಿದ ಜಾಲದಲ್ಲಿ ದೂರದ ಉಪಕರಣಕ್ಕೆ ದೊರೆಯುವುದು 8.7 ವೋಲ್ಟ್, ನಡುವಿನಿಂದ ಒದಗಿಸಿದುದರಲ್ಲಿ 10.05. ಆಳಮಾಪಕವು ಆರಿಹೋದರೆ, ಬಂಡೆಗಳಿರುವ ದಡದ ಬಳಿ ನಾವಿಕನು ಕುರುಡನಾದಂತೆಯೇ ಸರಿ.

ಮರಳುವ ತಂತಿಯಲ್ಲಿಯ ಇಳಿತಕ್ಕೆ ಇನ್ನೊಂದು ದೋಷವಿದೆ. ಅದು ಉಪಕರಣಗಳ ಶೂನ್ಯಮಟ್ಟವನ್ನೇ ಒಂದಕ್ಕೊಂದು ಭಿನ್ನಗೊಳಿಸುತ್ತದೆ. ಭೇದವು ಹೆಚ್ಚಿದಲ್ಲಿ ಸಂಕೇತಗಳೂ ಕೆಡುವ ಸಂಭವವುಂಟು. ರಕ್ಷಾಕವಚವನ್ನು ವಿದ್ಯುತ್ ಒದಗುವ ಒಂದೇ ಸ್ಥಳದಲ್ಲಿ ಭೂಸಂಪರ್ಕಗೊಳಿಸಬೇಕು. ಎರಡೆಡೆ ಮಾಡಿದರೆ ಅನಪೇಕ್ಷಿತ ಪ್ರವಾಹಕ್ಕೆ ದಾರಿಯಾಗುತ್ತದೆ. ಪೂರೈಕೆಯ ತಂತಿಗೆ ತಕ್ಕ ಫ್ಯೂಸ್ ಇರಲೇಬೇಕು.

ಭಾರವು ಒಂದೆಡೆ ಹೆಚ್ಚಾಗಿದ್ದರೆ ಪೂರೈಕೆಯ ಸ್ಥಾನವೂ ಅತ್ತ ಸರಿಯಬೇಕು. ಆದುದರಿಂದ ನಾವು ಹುಡುಕಬೇಕಾದುದು ಉದ್ದದ ನಡುವನ್ನಲ್ಲ, ಭಾರದ ನಡುವನ್ನು. ಒಂದು ರೋಧತಂತಿ, ಕೆಲವು ಸಣ್ಣ ದೀಪಗಳು ಹಾಗೂ ವೋಲ್ಟ್‌ಮಾಪಕವಿದ್ದರೆ ವಿದ್ಯಾರ್ಥಿಗಳು ಇದನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು.