ಒಗ್ಗಿಹೋಗದ ಮೂತ್ರಪಿಂಡ, ತಪ್ಪಿಹೋಗುವ ಮಾತ್ರೆ

“ಕಿಡ್ನಿ ಹಾಕಿಸಿ ನಾಲ್ಕು ವರ್ಷ ಆಯ್ತಲ್ಲ, ಇಷ್ಟೊತ್ತಿಗೆ ಮೈಗೆ ಒಗ್ಗಿರಬೇಕು. ಇನ್ನೂ ಯಾಕೆ ಮಾತ್ರೆ?” ಹುಡುಗರೂ ಕೇಳುತ್ತಾರೆ, ಅಜ್ಜಿಯರೂ ಕೇಳುತ್ತಾರೆ. ಒಗ್ಗುವುದಿಲ್ಲ. 1954ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಗೆದ್ದದ್ದು ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರೆಲ್ಲರ ಮೈಯಲ್ಲೂ ಕಸಿಯ ಅಂಗ ಪರಕೀಯವೇ.

ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ಎಂಬ ಮದ್ದು ರೋಗನಿರೋಧಕ ಟಿ-ಕಣಗಳನ್ನು ಕೊಲ್ಲುವುದಿಲ್ಲ, ಅವು ಕೆರಳದಂತೆ ತಡೆಯುತ್ತದೆ, ಅಷ್ಟೆ. ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ನುಂಗುವ ಈ ಮದ್ದಿನ ಮಟ್ಟ ರಕ್ತದಲ್ಲಿ ಇಳಿದರೆ ಕಣಗಳು ಎಚ್ಚರಗೊಳ್ಳುತ್ತವೆ. ಅವುಗಳ ಕುಮ್ಮಕ್ಕಿನಿಂದ ಬಿ-ಕಣಗಳು ಪ್ರತಿಕಾಯ ತಯಾರಿಸುತ್ತವೆ. ಆ ಪ್ರತಿಕಾಯಗಳು ಕಸಿಯಾದ ಮೂತ್ರಪಿಂಡದ ಸಣ್ಣ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾನಿ ಮಾಡುತ್ತವೆ. ಒಮ್ಮೆ ಹುಟ್ಟಿದ ಪ್ರತಿಕಾಯವನ್ನು ಪೂರ್ತಿ ಅಳಿಸುವುದು ತೀರಾ ಕಷ್ಟ. ಇಷ್ಟೆಲ್ಲ ಆಗುತ್ತಿದ್ದರೂ ಬಹುಪಾಲು ನೋವಿಲ್ಲ, ಜ್ವರವಿಲ್ಲ, ಮೂತ್ರವೂ ಎಂದಿನಂತೆ ಹೋಗುತ್ತದೆ. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ರಕ್ತದಲ್ಲಿ ಏರುವ ಹೊತ್ತಿಗೆ ಎಷ್ಟೋ ಭಾಗ ಕೆಟ್ಟಿರುತ್ತದೆ. ಇಲ್ಲೇ ಹದಿಹರೆಯದವರು ಎಡವುವುದು. ನಿನ್ನೆ ರಾತ್ರಿ ಮಾತ್ರೆ ಬಿಟ್ಟೆ, ಇವತ್ತು ಏನೂ ಆಗಲಿಲ್ಲ, ಅಂದರೆ ಬಿಟ್ಟರೂ ನಡೆಯುತ್ತದೆ! ಅವರ ಕಣ್ಣಿಗೆ ಕಂಡದ್ದು ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಅಮೆರಿಕದ ಕಸಿ ದಾಖಲೆಗಳಲ್ಲಿ ಅಂಗ ಕಳೆದುಕೊಳ್ಳುವ ಅಪಾಯ 17ರಿಂದ 24ರ ವಯಸ್ಸಿನಲ್ಲಿ ಅತಿ ಹೆಚ್ಚಾಗಿ ಕಂಡಿದೆ.

ಮಾತ್ರೆ ತಪ್ಪಲು ಮರೆವೊಂದೇ ಕಾರಣವೆಂದುಕೊಂಡು ಅಲಾರಂ ಇಟ್ಟು ಸುಮ್ಮನಾಗಬೇಡಿ. ಇದರ ಜೊತೆಗೆ ನುಂಗುವ ಸ್ಟಿರಾಯ್ಡಿನಿಂದ ಮುಖ ಊದಿ ಮೊಡವೆ ಎದ್ದ ಹುಡುಗಿಗೆ ಮಾತ್ರೆ ಬಿಡಲು ತನ್ನದೇ ಕಾರಣವಿರುತ್ತದೆ. ಹಾಸ್ಟೆಲ್ಲಿನಲ್ಲಿ ಗೆಳೆಯರೆದುರು ಡಬ್ಬಿ ತೆರೆಯಲು ಹುಡುಗ ನಾಚುತ್ತಾನೆ. “ಮಾತ್ರೆ ತಗೊಂಡ್ಯಾ?” ಎಂದರೆ “ಹ್ಞೂಂ” ಎಂದೇ ಉತ್ತರ. “ಈ ವಾರ ಯಾವ ಹೊತ್ತಿನದು ತಪ್ಪಿತು? ಆಗ ಎಲ್ಲಿದ್ದೆ?” ಎಂದು ಬೈಯದೆ ಕೇಳಿ ನೋಡಿ. ಕೆನಡಾ ಮತ್ತು ಅಮೆರಿಕದ ಎಂಟು ಕೇಂದ್ರಗಳಲ್ಲಿ 11ರಿಂದ 24 ವರ್ಷದವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಟೇಕ್-ಇಟ್’ ಅಧ್ಯಯನದಲ್ಲಿ ನೆನಪಿಸುವ ಸಂದೇಶಗಳ ಜೊತೆಗೆ ಹೀಗೆ ಕೂತು ಅಡ್ಡಿಗಳನ್ನು ಹುಡುಕಿ ಪರಿಹರಿಸುವ ಮಾತುಕತೆಯೂ ಇತ್ತು. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವುದು ಅದರಿಂದ ಸುಧಾರಿಸಿತು.

ಮದ್ದಿನ ಮಟ್ಟ ಇಳಿಯುವಂತೆ ಅತಿಯಾಗಿ ಏರುವುದೂ ಅಪಾಯ. ಹಾಗಾಗಿ ಚಕ್ಕೋತ ಪ್ರಿಯರಿಗೆ ಒಂದು ಎಚ್ಚರಿಕೆ: ದೇವನಹಳ್ಳಿಯ ಆ ಸೊಗಸಾದ ಹಣ್ಣು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಿಬಿಡಬಲ್ಲದು. ಅದನ್ನು ಬಿಡಲೇಬೇಕು.

ಈ ಮಟ್ಟದ ಪರೀಕ್ಷೆಗೆ ರಕ್ತ ಕೊಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ತೆಗೆಸಿದ ಮೇಲೆಯೇ ನುಂಗಬೇಕು. ಮೊದಲೇ ನುಂಗಿದರೆ ಮಟ್ಟ ಸುಳ್ಳೇ ಹೆಚ್ಚು ತೋರುತ್ತದೆ. ಪರೀಕ್ಷೆಗೆ ಮುಂಚಿನ ಮೂರು ದಿನ ಮಾತ್ರ ಶಿಸ್ತಾಗಿ ನುಂಗಿದವರ ವರದಿಯೂ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ಒಂದು ವರದಿ ನಂಬಬೇಡಿ, ಹಲವಾರು ವರದಿಗಳ ನಡುವಿನ ಏರಿಳಿತ ನೋಡಿ. ಗ್ರಾಫ್ ಹಾಳೆಯ ಮೇಲೆ ಮಗನೋ ಮಗಳೋ ತಾವೇ ಚುಕ್ಕಿ ಇಟ್ಟು ಗೆರೆ ಎಳೆಯಲಿ. ಗೆರೆ ಯಾಕೆ ಕುಣಿಯಿತು ಎಂಬ ಪ್ರಶ್ನೆಯನ್ನು ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಅವರೇ ಕೇಳಲಿ.